ಅಮೆರಿಕದ ಹಳೆಯ ಜೀನುಗಳ ಕಿರುಪ್ರತಿ: ಯಾವ ಜೀನು, ಮರವೋ ಮೇಣವೋ, ಯಾವ ಕಂಚು?

ಅಮೆರಿಕದ ಪಶ್ಚಿಮ ಸೀಮೆಯ ಹಳೆಯ ಕುದುರೆ ಜೀನನ್ನು ಅಂಗೈ ಅಗಲಕ್ಕೆ ಇಳಿಸಿ ಕೆತ್ತಬೇಕು, ಅದಕ್ಕೆ ಕಂಚಿನ ರೂಪ ಕೊಡಬೇಕು ಎಂದು ಹೊರಟವರು ಮೂರು ಕಡೆ ತಡವರಿಸುತ್ತಾರೆ. ಇಷ್ಟೊಂದು ಬಗೆಯ ಜೀನುಗಳಲ್ಲಿ ಯಾವುದನ್ನು ಮಾಡುವುದು? ಮರದಲ್ಲಿ ಕೆತ್ತುವುದೋ ಮೇಣದಲ್ಲೋ? ಕೊನೆಗೆ ನಿಜವಾದ ಕಂಚನ್ನೇ ಎರಕ ಹೊಯ್ಯಿಸುವುದೋ, ಕಂಚಿನ ಪುಡಿ, ತಾಮ್ರದ ಲೇಪ ಇಂಥದ್ದರಲ್ಲಿ ಮುಗಿಸುವುದೋ? ಈ ಮೂರನ್ನೂ ಬೇರೆ ಬೇರೆಯಾಗಿ ಕೇಳುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇವನ್ನು ಒಟ್ಟಿಗೇ ತೀರ್ಮಾನಿಸಬೇಕು, ಏಕೆಂದರೆ ಮೂರನ್ನೂ ಕಟ್ಟಿಹಾಕುವುದು ಒಂದೇ ಸಂಗತಿ: ಚರ್ಮದ ದಪ್ಪ.

ಮೊದಲು ಅಳತೆ

ನಿಜವಾದ ಜೀನಿನ ಪಕ್ಕಗಳಲ್ಲಿ ಇಳಿಬಿದ್ದಿರುವ ಅಗಲವಾದ ಚರ್ಮಕ್ಕೆ ಸ್ಕರ್ಟ್ ಎನ್ನುತ್ತಾರೆ. ಅದರ ದಪ್ಪ ಸುಮಾರು 5 ಮಿಲಿಮೀಟರ್. ಆರರಲ್ಲಿ ಒಂದು ಅಳತೆಗೆ ಇಳಿಸಿದರೆ ಅದು 0.8 ಮಿ.ಮೀ. ಆಗುತ್ತದೆ, ಹನ್ನೆರಡರಲ್ಲಿ ಒಂದಕ್ಕೆ ಇಳಿಸಿದರೆ 0.4 ಮಿ.ಮೀ. ಇತ್ತ ಕೈಯಿಂದ ಎರಕ ಹೊಯ್ಯುವ ಸಾಮಾನ್ಯ ಕುಲುಮೆಯಲ್ಲಿ ಕಂಚು ಸಲೀಸಾಗಿ ಹರಿದು ತುಂಬಿಕೊಳ್ಳಲು 3 ಮಿ.ಮೀ. ಜಾಗವಾದರೂ ಬೇಕು. ಒಡವೆ ಎರಕದವರು ನಿರ್ವಾತದ ಯಂತ್ರದಿಂದಲೋ ಗರಗರ ತಿರುಗಿಸುವ ಯಂತ್ರದಿಂದಲೋ 1 ಮಿ.ಮೀ. ಸುತ್ತಮುತ್ತ ಇಳಿಯಬಲ್ಲರು. ಅಂದರೆ ಸಣ್ಣ ಅಳತೆಯಲ್ಲಿ ಚರ್ಮವನ್ನು ಅದರ ನಿಜ ದಪ್ಪಕ್ಕೆ ಕಂಚಿನಲ್ಲಿ ತರುವುದು ಬಹುಮಟ್ಟಿಗೆ ಆಗದ ಮಾತು. ಅಂಚನ್ನು ಮಾತ್ರ ತೆಳುವಾಗಿ ಕಾಣುವಂತೆ ಇಳಿಜಾರು ಮಾಡಿ, ಒಳಗಡೆ ದಪ್ಪ ಉಳಿಸಿಕೊಳ್ಳುವುದು ಅನುಭವಿಗಳ ಉಪಾಯ. ಈ ಉಪಾಯ ಎಷ್ಟು ನಡೆಯುತ್ತದೆ ಎನ್ನುವುದು ನೀವು ಆರಿಸುವ ಜೀನಿನ ಮೇಲೆ ನಿಂತಿದೆ.

ಉಳಿದ ಮಾನದಂಡಗಳು ನಾಲ್ಕು. ಒಂದೇ ಪ್ರತಿ ಸಾಕೋ, ನಾಲ್ಕಾರು ಬೇಕೋ? ಕೆಲಸ ಮಾಡುವ ಜಾಗ ಯಾವುದು: ಅಪಾರ್ಟ್‌ಮೆಂಟಿನ ಬಾಲ್ಕನಿಯೋ, ಗಾಳಿಯಾಡುವ ತಾರಸಿಯೋ, ಬೆಂಕಿ ಹಚ್ಚಬಹುದಾದ ಶೆಡ್ಡೋ? ಕೈಯಲ್ಲಿ ಹಿಡಿದಾಗ ಲೋಹದ ತೂಕ ಬೇಕೇಬೇಕೋ, ಕಪಾಟಿನಲ್ಲಿ ಕಂಡರೆ ಸಾಕೋ? ನೀವು ತೋರಿಸುತ್ತಿರುವುದು ಯಾವ ದಶಕದ ಜೀನು? ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಐತಿಹಾಸಿಕ ಪ್ರತಿ ಎಂದು ಹೆಸರಿಟ್ಟ ಮೇಲೆ ಅದನ್ನು ಬಿಡುವಂತಿಲ್ಲ.

ಜೀನಿನ ಆಯ್ಕೆ

ಮೊದಲ ಪ್ರಯತ್ನಕ್ಕೆ ನಾನು ಹೇಳುವುದು ಮೆಕ್ಲೆಲನ್ ಜೀನು. 1855ರಲ್ಲಿ ಅಮೆರಿಕದ ಸೈನ್ಯ ಯುರೋಪಿಗೆ ಕಳಿಸಿದ ಅಧಿಕಾರಿಗಳ ತಂಡದಲ್ಲಿ ಜಾರ್ಜ್ ಬಿ. ಮೆಕ್ಲೆಲನ್ ಇದ್ದರು. ಕ್ರಿಮಿಯ ಯುದ್ಧದ ಕಾಲದಲ್ಲಿ ಅಲ್ಲಿನ ಕುದುರೆ ಪಡೆಗಳನ್ನು ನೋಡಿ ಬಂದ ಮೇಲೆ ಅವರು ಸೂಚಿಸಿದ ಜೀನನ್ನು ಸೈನ್ಯ 1859ರಲ್ಲಿ ಒಪ್ಪಿಕೊಂಡಿತು. ಮುಂದೆ ಅಂತರ್ಯುದ್ಧದಲ್ಲಿ ಬಳಕೆಯಾದದ್ದು ಇದೇ. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಸೈನ್ಯದ ಕುದುರೆ ಪಡೆ ಮುಗಿಯುವವರೆಗೂ ಉಳಿಯಿತು. ಇದಕ್ಕೆ ಹಾರ್ನ್, ಅಂದರೆ ಜೀನಿನ ಮುಂದೆ ಹಗ್ಗ ಸುತ್ತಲು ಎದ್ದುನಿಂತ ಗೂಟ, ಇಲ್ಲ. ಕೂರುವ ಜಾಗದ ನಡುವೆ ಮುಂದಿನಿಂದ ಹಿಂದಕ್ಕೆ ಉದ್ದನೆಯ ಸೀಳು ಇದೆ, ಅದರ ಮೂಲಕ ಕುದುರೆಯ ಬೆನ್ನಿಗೆ ಗಾಳಿಯಾಡುತ್ತದೆ. ಆರಂಭದ ಮಾದರಿಗಳಲ್ಲಿ ಮರದ ಚೌಕಟ್ಟಿನ ಮೇಲೆ ಹಸಿ ತೊಗಲನ್ನು ಬಿಗಿದು ಹೊಲಿದಿದ್ದಷ್ಟೇ, ಚರ್ಮದ ಹೊದಿಕೆ ಆಮೇಲಿನದು. ಕೆತ್ತುವವನಿಗೆ ಇದಕ್ಕಿಂತ ಅನುಕೂಲ ಬೇರೆ ಏನಿದೆ? ಕಣ್ಣಿಗೆ ಬೀಳುವುದು ಬಹುಪಾಲು ಚೌಕಟ್ಟಿನ ಆಕಾರವೇ ಆದ್ದರಿಂದ ತೆಳು ಚರ್ಮದ ತಾಪತ್ರಯ ಅರ್ಧಕ್ಕರ್ಧ ತಪ್ಪುತ್ತದೆ. ಸವಾರ ಕಾಲಿಡುವ, ಮುಂದೆ ಚರ್ಮದ ಮುಸುಕು ಇರುವ ಮರದ ರಿಕಾಪುಗಳೂ ಗಟ್ಟಿ ಮುದ್ದೆಯಂಥ ಆಕಾರದವು, ಎರಕಕ್ಕೆ ಹೇಳಿ ಮಾಡಿಸಿದಂತಿವೆ.

ಆದರೆ ಮೆಕ್ಲೆಲನ್‌ನಲ್ಲಿ ತಪ್ಪು ಮುಚ್ಚಿಡಲು ಹೂಬಳ್ಳಿಯಿಲ್ಲ. ಚೌಕಟ್ಟಿನ ಎಡ ಬಲದ ಎರಡು ಮರದ ಪಟ್ಟಿಗಳು ಒಂದಕ್ಕೊಂದು ಸರಿಸಮ ಇಲ್ಲದಿದ್ದರೆ ನಡುವಿನ ಸೀಳು ಅದನ್ನು ತಕ್ಷಣ ಹೇಳಿಬಿಡುತ್ತದೆ. ಇನ್ನೊಂದು ಮಾತು. 1859ರ ಮಾದರಿ ಬೇರೆ, 1885ರದ್ದು ಬೇರೆ, ಹೊಟ್ಟೆಪಟ್ಟಿಯ ಜೋಡಣೆ ಬದಲಾದ 1904ರದ್ದು ಬೇರೆ. ಚಿತ್ರಗಳನ್ನು ನೋಡಿಕೊಂಡು ಕೆತ್ತುವಾಗ ಮೂರನ್ನೂ ಬೆರೆಸಿಬಿಡುವುದು ಸುಲಭ.

ಎರಡನೆಯದು ಮೆಕ್ಸಿಕೊ ಕಡೆಯ ವಕೇರೊ ಜೀನು, ಅಂದರೆ ಅಲ್ಲಿನ ದನಗಾಹಿಗಳದ್ದು. ಮೇಲೆ ಅಗಲವಾಗಿ ಚಪ್ಪಟೆಯಾದ ದಪ್ಪ ಹಾರ್ನ್ ಇದರ ಗುರುತು. ಇದರ ಮೇಲೆ ಮೊಚಿಲಾ ಎಂಬ ಬಿಡಿ ಚರ್ಮದ ಹೊದಿಕೆ ಹಾಕುತ್ತಿದ್ದರು. ಹಾರ್ನ್ ಮತ್ತು ಕ್ಯಾಂಟಲ್ (ಕೂರುವ ಜಾಗದ ಹಿಂದೆ ಎದ್ದುನಿಂತ ಭಾಗ) ಹೊರಬರಲು ಅದರಲ್ಲಿ ತೂತುಗಳಿರುತ್ತಿದ್ದವು. 1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊವರೆಗೆ ಅಂಚೆ ಒಯ್ದ ಪೋನಿ ಎಕ್ಸ್‌ಪ್ರೆಸ್ ಸವಾರರು ಬಳಸಿದ್ದು ನಾಲ್ಕು ಚೀಲಗಳನ್ನು ಹೊಲಿದ ಇಂಥ ಮೊಚಿಲಾವನ್ನೇ. ಕುದುರೆ ಬದಲಾಯಿಸುವಾಗ ಜೀನು ಬಿಚ್ಚುವ ಗೋಜಿಲ್ಲದೆ ಅದೊಂದನ್ನು ಎಳೆದು ಮುಂದಿನ ಕುದುರೆಯ ಮೇಲೆ ಎಸೆಯುತ್ತಿದ್ದರು. ಕತೆ ಹೇಳುವ ಕಿರುಪ್ರತಿ ಬೇಕೆಂದರೆ ನನಗೆ ಅತ್ಯಂತ ಇಷ್ಟವಾದ ಆಯ್ಕೆ ಇದು. ಮೇಣದ ಹಾಳೆಯನ್ನು ಚರ್ಮದಂತೆಯೇ ಕತ್ತರಿಸಿ ಹೊದಿಸಿದರೆ ಆಯಿತು. ಚೌಕಟ್ಟಿನ ಬಹುಭಾಗ ಮುಚ್ಚಿಹೋಗುವುದರಿಂದ ಒಳಗೆ ಬೇಕಾದಷ್ಟು ದಪ್ಪ ಇಟ್ಟುಕೊಳ್ಳಬಹುದು. ಮರದಲ್ಲಿ ಕೆತ್ತುವವರು ಮಾತ್ರ ಇದರ ಹತ್ತಿರ ಹೋಗಬೇಡಿ. ಚರ್ಮ ಜೋತುಬಿದ್ದಿರುವ ಆ ಸಡಿಲತೆ ಉಳಿಗೆ ಬಗ್ಗುವುದಿಲ್ಲ.

ಮೂರನೆಯದು ಅಂತರ್ಯುದ್ಧದ ನಂತರ ಟೆಕ್ಸಾಸ್‌ನಿಂದ ಉತ್ತರಕ್ಕೆ ದನ ಹೊಡೆದುಕೊಂಡು ಹೋದವರ ಜೀನು. ಅದರಲ್ಲೇ ಮದರ್ ಹಬರ್ಡ್ ಎಂಬ ಬಗೆಯಲ್ಲಿ ಮೊಚಿಲಾದಂಥ ಹೊದಿಕೆ ಜೀನಿಗೇ ಖಾಯಂ ಆಗಿ ಸೇರಿಕೊಂಡಿತು. ಇಲ್ಲಿ ಕಿರುಪ್ರತಿ ಮಾಡುವವರು ತಿಳಿದಿರಲೇಬೇಕಾದ ಒಂದು ತಾಂತ್ರಿಕ ಸಂಗತಿ ಇದೆ. ಟೆಕ್ಸಾಸಿನವರು ಹಗ್ಗದ ತುದಿಯನ್ನು ಹಾರ್ನ್‌ಗೆ ಗಟ್ಟಿಯಾಗಿ ಕಟ್ಟಿಯೇ ಎಸೆಯುತ್ತಿದ್ದರು. ಹೋರಿ ಜಗ್ಗಿದಾಗ ಜೀನಿನ ಹಿಂಭಾಗ ಮೇಲೇಳದಂತೆ ಅವರಿಗೆ ಎರಡು ಹೊಟ್ಟೆಪಟ್ಟಿ ಬೇಕಾಯಿತು. ಕ್ಯಾಲಿಫೋರ್ನಿಯಾದವರು ಹಗ್ಗವನ್ನು ಹಾರ್ನ್‌ಗೆ ಸುತ್ತು ಹಾಕಿ, ಎಳೆತಕ್ಕೆ ತಕ್ಕಂತೆ ಜಾರಲು ಬಿಡುತ್ತಿದ್ದರು. ಅವರಿಗೆ ನಡುವೆ ಒಂದೇ ಪಟ್ಟಿ ಸಾಕಾಯಿತು, ಸುತ್ತುಗಳು ಕೂರಲು ಎತ್ತರದ ಹಾರ್ನ್ ಬೇಕಾಯಿತು. ಕ್ಯಾಲಿಫೋರ್ನಿಯಾದ ಎತ್ತರದ ಹಾರ್ನ್ ಇಟ್ಟು ಟೆಕ್ಸಾಸಿನ ಎರಡು ಪಟ್ಟಿ ಕಟ್ಟಿದ ಕಿರುಪ್ರತಿಯನ್ನು ಬಲ್ಲವರು ನೋಡಿದರೆ ಮೊದಲು ಅಲ್ಲಿಗೇ ಬೆರಳಿಡುತ್ತಾರೆ.

ನಾಲ್ಕನೆಯದು ವ್ಯೋಮಿಂಗಿನ ಶಯೆನ್ ಊರಿನ ಜೀನು. ಫ್ರಾಂಕ್ ಮೀನಿಯಾ ಎಂಬ ಕುಶಲಕರ್ಮಿಯ ಹೆಸರಿನೊಂದಿಗೆ ಸೇರಿಕೊಂಡಿರುವ ಶಯೆನ್ ರೋಲ್, ಅಂದರೆ ಕ್ಯಾಂಟಲ್‌ನ ಮೇಲಂಚಿನಿಂದ ಹಿಂದಕ್ಕೆ ಬಾಗಿದ ಚರ್ಮದ ತುಟಿ, ಇದರ ಸೊಬಗು. ಚೌಕಾಕಾರದ ದೊಡ್ಡ ಸ್ಕರ್ಟ್ ಇರುವುದರಿಂದ ಚಿತ್ತಾರಕ್ಕೆ ಜಾಗ ಹೇರಳ. ಅಲ್ಲೇ ಅಪಾಯವೂ ಇದೆ. ಇಂದು ಎಲ್ಲೆಡೆ ಕಾಣುವ, ಒಂದಕ್ಕೊಂದು ಹೆಣೆದ ವೃತ್ತಗಳಲ್ಲಿ ಕಾಡುಗುಲಾಬಿ ತುಂಬಿದ ಶೆರಿಡನ್ ಶೈಲಿಯನ್ನು ಬೆಳೆಸಿದವರು ಡಾನ್ ಕಿಂಗ್, ಅದು 20ನೇ ಶತಮಾನದ ಮಾತು. 1880ರ ಜೀನಿಗೆ ಅದನ್ನು ಕೆತ್ತಿದರೆ ಕೆಲಸ ಎಷ್ಟೇ ಚೆನ್ನಾಗಿದ್ದರೂ ಕಾಲ ತಪ್ಪಿರುತ್ತದೆ. ಹಾಗೆಯೇ ಎರಡೂ ಬದಿ ಉಬ್ಬಿದ ಮುಂಭಾಗ 1900ರ ನಂತರ ಹಬ್ಬಿದ್ದು, ಅದಕ್ಕಿಂತ ಹಿಂದಿನ ಜೀನುಗಳ ಮುಂಭಾಗ ನುಣುಪಾಗಿ ಕೆಳಗಿಳಿಯುತ್ತದೆ.

ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆ ನೆಲೆಸಿರುವ ಕನ್ನಡಿಗರಿಗೆ ಒಂದು ಅನುಕೂಲವಿದೆ. ಲಾಸ್ ಏಂಜಲಿಸ್‌ನ ಆಟ್ರಿ ಮ್ಯೂಸಿಯಂ, ಓಕ್ಲಹೋಮ ಸಿಟಿಯ ನ್ಯಾಷನಲ್ ಕೌಬಾಯ್ ಮ್ಯೂಸಿಯಂ, ವ್ಯೋಮಿಂಗಿನ ಕೋಡಿಯಲ್ಲಿರುವ ಬಫಲೋ ಬಿಲ್ ಸೆಂಟರ್ ಇವುಗಳಲ್ಲಿ ಮೂಲ ಜೀನುಗಳನ್ನೇ ನೋಡಬಹುದು. ಹೋದಾಗ ಪಕ್ಕದ ಚಿತ್ರವೊಂದನ್ನೇ ತೆಗೆದು ಬರಬೇಡಿ. ಎಲ್ಲರೂ ತೆಗೆಯುವುದು ಅದನ್ನೇ, ಅಂತರ್ಜಾಲದಲ್ಲೂ ಅದೇ ಸಿಗುತ್ತದೆ. ಹಿಂದಿನಿಂದ ಕ್ಯಾಂಟಲ್‌ನ ಬಾಗು, ಮುಂದಿನಿಂದ ಹಾರ್ನ್‌ನ ಓಲುವಿಕೆ, ಸಾಧ್ಯವಾದರೆ ಕೆಳಮೈ ಇವು ಸಿಕ್ಕರೆ ಕೆತ್ತನೆಯ ಅರ್ಧ ಗೊಂದಲ ಕಳೆಯುತ್ತದೆ.

ಮರವೋ ಮೇಣವೋ

ಮರ ಅಗ್ಗ, ವಾಸನೆಯಿಲ್ಲ, ಬಾಲ್ಕನಿಯಲ್ಲಿ ಕೂತು ಮಾಡಬಹುದು. ಅಮೆರಿಕದಲ್ಲಿದ್ದರೆ ಬಾಸ್‌ವುಡ್, ಇಲ್ಲಿದ್ದರೆ ಚನ್ನಪಟ್ಟಣದ ಬೊಂಬೆಯವರು ಬಳಸುವ ಹಾಲೆ ಮರ. ಎರಡೂ ತಿಳಿಬಣ್ಣದವು, ಎಳೆ ಬಿಗಿಯಾಗಿದ್ದು ಉಳಿಗೆ ಹದವಾಗಿ ಒದಗುತ್ತವೆ. ಹಾರ್ನ್ ಮಾತ್ರ ಅದೇ ತುಂಡಿನಲ್ಲಿ ಕೆತ್ತಬೇಡಿ. ಜೀನಿನ ಉದ್ದಕ್ಕೆ ಎಳೆ ಓಡಿದರೆ ಹಾರ್ನ್‌ಗೆ ಅದು ಅಡ್ಡವಾಗುತ್ತದೆ, ಸ್ವಲ್ಪ ತಾಗಿದರೂ ಮುರಿಯುತ್ತದೆ. ಎಳೆ ಮೇಲ್ಮುಖವಾಗಿರುವ ಬೇರೆ ತುಂಡಿನಲ್ಲಿ ಹಾರ್ನ್ ಕೆತ್ತಿ, ಗೂಟ ಕೊಟ್ಟು ಅಂಟಿಸುವುದು ಸರಿ. ರಿಕಾಪುಗಳೂ ಹಾಗೆಯೇ ಪ್ರತ್ಯೇಕವಾಗಿರಲಿ.

ಮೇಣ ತಪ್ಪನ್ನು ಕ್ಷಮಿಸುತ್ತದೆ. ಹೆಚ್ಚು ತೆಗೆದರೆ ಮತ್ತೆ ಮೆತ್ತಬಹುದು, ಬಿಸಿ ಮಾಡಿದ ಸಲಾಕೆಯಿಂದ ಹೊಲಿಗೆಯ ಗೆರೆ, ಕೊರೆದ ಹೂವು ಎಲ್ಲ ಮೂಡಿಸಬಹುದು. ಜೇನುಮೇಣಕ್ಕೆ ರಾಳ ಸೇರಿಸಿದರೆ ಗಟ್ಟಿಯಾಗುತ್ತದೆ. ಹಾರ್ನ್, ರಿಕಾಪುಗಳಿಗೆ ಒಡವೆ ಕೆಲಸದವರ ಗಡಸು ಮೇಣ ತಂದು ಅರದಿಂದ ಉಜ್ಜಿ ಆಕಾರ ಕೊಡುವುದು ಇನ್ನೂ ಚೊಕ್ಕಟ. ಬೇಸಿಗೆಯಲ್ಲಿ ಬಳ್ಳಾರಿ, ಕಲಬುರಗಿ ಕಡೆಯವರು ಬೆಳಗಿನ ಹೊತ್ತೇ ಮೇಣದ ಕೆಲಸ ಮಾಡಿಕೊಳ್ಳಬೇಕಾದೀತು. ತೆಳು ಸ್ಕರ್ಟ್ ಬಿಸಿಲಿನ ಝಳಕ್ಕೇ ಜೋಲು ಬೀಳುತ್ತದೆ.

ಜೇಡಿಯಲ್ಲಿ ಮಾಡಿ ಅಚ್ಚು ತೆಗೆಯುವವರಿಗೆ ಒಂದೇ ಎಚ್ಚರಿಕೆ. ಗಂಧಕ ಬೆರೆತ ಎಣ್ಣೆಜೇಡಿಯ ಮೇಲೆ ಪ್ಲಾಟಿನಮ್ ಬಗೆಯ ಸಿಲಿಕೋನ್ ಸುರಿದರೆ ಅದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಟಿನ್ ಬಗೆಯದನ್ನು ಬಳಸಿ, ಅಥವಾ ಗಂಧಕವಿಲ್ಲದ ಜೇಡಿ ತನ್ನಿ.

ಕಂಚಾಗುವ ದಾರಿಗಳು

ನಿಜವಾದ ಎರಕದ ದಾರಿ ನಮಗೆ ಹೊಸದಲ್ಲ. ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವ ವಿಧಾನವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ವಿವರಿಸಿದ್ದಾನೆ. ಮೇಣದ ತೂಕ ನೋಡಿ ಬೇಕಾದ ಲೋಹದ ತೂಕ ಲೆಕ್ಕ ಹಾಕುವುದೂ ಅದರಲ್ಲಿದೆ. ಆ ಲೆಕ್ಕ ಇಂದಿಗೂ ನಮ್ಮ ಖರ್ಚಿನ ಅಂದಾಜಿಗೆ ಬೇಕು. ಕಂಚು ಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರ. ನಿಮ್ಮ ಮೇಣದ ಜೀನು 60 ಗ್ರಾಂ ಇದ್ದರೆ ಕಂಚಿನದು ಅರ್ಧ ಕಿಲೋ ದಾಟುತ್ತದೆ, ಲೋಹ ಹರಿಯುವ ನಾಳಗಳಿಗೆ ಬೇಕಾದ್ದು ಬೇರೆ.

ಅಮೆರಿಕದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಫ್ರೆಡರಿಕ್ ರೆಮಿಂಗ್ಟನ್. 1895ರಲ್ಲಿ ಅವರ ಬ್ರಾಂಕೊ ಬಸ್ಟರ್ ಶಿಲ್ಪವನ್ನು ಹೆನ್ರಿ-ಬೊನಾರ್ಡ್ ಕುಲುಮೆ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದಿತು. ಕೆಲವು ವರ್ಷಗಳ ಮೇಲೆ ರೆಮಿಂಗ್ಟನ್ ರೋಮನ್ ಬ್ರಾಂಜ್ ವರ್ಕ್ಸ್‌ಗೆ ಹೋಗಿ ಮೇಣದ ವಿಧಾನಕ್ಕೆ ಬಂದರು. ಆಗ ಪ್ರತಿ ಎರಕಕ್ಕೂ ಮುಂಚೆ ಮೇಣದ ಪ್ರತಿಯನ್ನು ಕೈಯಾರೆ ತಿದ್ದುವ ಅವಕಾಶ ಅವರಿಗೆ ಸಿಕ್ಕಿತು. ಜೀನಿನ ಕಿರುಪ್ರತಿಗೆ ಈ ಅವಕಾಶವೇ ದೊಡ್ಡ ಲಾಭ. ಮೂಲದಿಂದ ರಬ್ಬರ್ ಅಚ್ಚು ತೆಗೆದಿಟ್ಟುಕೊಂಡರೆ ಒಂದು ಎರಕ ಕೆಟ್ಟರೂ ಮೂಲ ಉಳಿಯುತ್ತದೆ. ಅಚ್ಚು ತೆಗೆಯದೆ ಒಂದೇ ಮೇಣವನ್ನು ಕುಲುಮೆಗೆ ಕೊಟ್ಟರೆ ತಿಂಗಳ ಕೆಲಸ ಒಂದು ಹೊಯ್ತದ ಪಣಕ್ಕೆ ಬೀಳುತ್ತದೆ.

ಜೀನಿನ ಆಕಾರದಲ್ಲಿ ಎರಕಕ್ಕೆ ಒಲಿಯುವ ಗುಣವೊಂದಿದೆ. ಕುದುರೆಯ ಬೆನ್ನಿಗೆ ಕೂರುವಂತೆ ಅದರ ಕೆಳಭಾಗ ತಾನಾಗಿಯೇ ಟೊಳ್ಳು. ಕೆಳಗಿನಿಂದ ಕೆರೆದು ಎಲ್ಲ ಕಡೆ 3-4 ಮಿ.ಮೀ. ದಪ್ಪ ಉಳಿಸಿದರೆ ಲೋಹ ಒಂದೇ ಸಮನೆ ತಣಿಯುತ್ತದೆ, ಭಾರವೂ ಇಳಿಯುತ್ತದೆ. ಗಟ್ಟಿಯಾಗಿ ಬಿಟ್ಟರೆ ದಪ್ಪ ಭಾಗ ಕೊನೆಗೆ ತಣಿದು ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ. ಕಂಚು ತಣಿಯುವಾಗ ಅಳತೆ ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ ಎನ್ನುವುದು ನೆನಪಿರಲಿ. ಪಟ್ಟಿಗಳನ್ನು ಗಾಳಿಯಲ್ಲಿ ತೇಲಲು ಬಿಡದೆ ಸ್ಕರ್ಟಿನ ಮೈಗೆ ತಾಗಿಸಿ ಕೂರಿಸಿ.

ಮನೆಯಲ್ಲಿ ಕಂಚು ಕರಗಿಸುವ ಯೋಚನೆ ಬೇಡ. ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನ ಲೋಹ ಚೂರು ತೇವವಿರುವ ಅಚ್ಚಿಗೆ ಬಿದ್ದರೂ ಆವಿ ಸಿಡಿದು ಲೋಹವನ್ನೇ ಎರಚುತ್ತದೆ. ನಾಗಮಂಗಲದಂಥ ಊರುಗಳ ಪರಂಪರೆಯ ಲೋಹಶಿಲ್ಪಿಗಳ ಬಳಿಗೋ, ಸಣ್ಣ ಅಳತೆಯಾದರೆ ಒಡವೆ ಎರಕದವರ ಬಳಿಗೋ ಮೇಣ ಒಯ್ಯಿರಿ. ಮಾತು ಮುಗಿಸುವ ಮುಂಚೆ ಅವರ ಕೈಯಲ್ಲಿ ಎಷ್ಟು ತೆಳುವಿನವರೆಗೆ ಬರುತ್ತದೆ ಎಂದು ಕೇಳಿ, ಅದಕ್ಕೆ ತಕ್ಕಂತೆ ಅಂಚುಗಳನ್ನು ತಿದ್ದಿಕೊಳ್ಳಿ.

ಎರಡನೆಯ ದಾರಿ ತಣ್ಣನೆಯ ಎರಕ: ಸಿಲಿಕೋನ್ ಅಚ್ಚಿನೊಳಗೆ ಕಂಚಿನ ಪುಡಿ ಬೆರೆಸಿದ ರೆಸಿನ್ ಹೊಯ್ಯುವುದು. ಹಲವು ಪ್ರತಿ ಬೇಕಾದವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನು. ದುಬಾರಿ ಪುಡಿಯನ್ನು ಪೂರ್ತಿ ರೆಸಿನ್‌ಗೆ ಸುರಿಯಬೇಕಿಲ್ಲ. ಅಚ್ಚಿನ ಒಳಮೈಗೆ ಮೊದಲು ಪುಡಿಯನ್ನು ಬ್ರಷ್‌ನಿಂದ ಹಚ್ಚಿ, ಪುಡಿ ದಟ್ಟವಾಗಿರುವ ಮೊದಲ ಪದರ ಹೊಯ್ದು, ಒಳಗೆ ಸಾದಾ ರೆಸಿನ್ ತುಂಬಿದರೆ ಸಾಕು. ಗಟ್ಟಿಯಾದ ಮೇಲೆ ಅತಿ ನಯವಾದ ಉಕ್ಕಿನ ಎಳೆಯಿಂದ ಉಜ್ಜಿದಾಗ ಲೋಹ ಹೊರಬೀಳುತ್ತದೆ. ಕೊಂಡದ್ದು ನಿಜವಾದ ಲೋಹದ ಪುಡಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹೊಳೆಯುವ ಅಭ್ರಕದ ಪುಡಿ ಎಷ್ಟು ಉಜ್ಜಿದರೂ ಕಂಚಾಗುವುದಿಲ್ಲ. ತೆಳು ಚರ್ಮ ಕಂಚಿಗಿಂತ ಇಲ್ಲಿ ಸಲೀಸಾಗಿ ಬರುತ್ತದೆ, ಆದರೆ ತೆಳುವಾದಷ್ಟೂ ಮುರಿಯುತ್ತದೆ. ತೂಕ ಕಂಚಿನದಕ್ಕೆ ಸಾಟಿಯಿಲ್ಲ, ಒಳಗೆ ಸೀಸದ ಬದಲು ಉಕ್ಕಿನ ಗುಂಡು ಹುದುಗಿಸಿ ಸ್ವಲ್ಪ ಸರಿದೂಗಿಸಬಹುದು. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್, ರೆಸಿನ್ ಹೊಗೆಗೆ ತೆರೆದ ತಾರಸಿ ಎರಡೂ ಕಡ್ಡಾಯ.

ಮೂರನೆಯದು ವಿದ್ಯುತ್ತಿನಿಂದ ತಾಮ್ರ ಕೂರಿಸುವುದು. ಅಮೆರಿಕದ ಮನೆಗಳಲ್ಲಿ ಮಗುವಿನ ಮೊದಲ ಶೂಗಳನ್ನು ಕಂಚು ಮಾಡಿಸಿಡುವ ರೂಢಿ ಇದೇ ತಂತ್ರದ್ದು. ಓಹಾಯೊದ ಕೊಲಂಬಸ್‌ನಲ್ಲಿ ಬ್ರಾನ್-ಶೂ ಎಂಬ ಕಂಪನಿ 1934ರಲ್ಲಿ ಅದಕ್ಕೆಂದೇ ಶುರುವಾಯಿತು. ನಿಜವಾದ ಚರ್ಮದಲ್ಲಿ ಕಿರುಜೀನು ಹೊಲಿದವರಿಗೆ ಈ ದಾರಿ ಬಲು ಆಕರ್ಷಕ. ಮಾದರಿಗೆ ವಿದ್ಯುತ್ ಹರಿಯುವ ಬಣ್ಣ ಬಳಿದು, ಮೈಲುತುತ್ತ ಮತ್ತು ಗಂಧಕಾಮ್ಲದ ದ್ರಾವಣದಲ್ಲಿ ಇಳಿಬಿಡುತ್ತಾರೆ. ಒಂದು ಚದರ ಡೆಸಿಮೀಟರ್ ಮೈಗೆ ಒಂದು ಆಂಪಿಯರ್ ಕೊಟ್ಟರೆ ಗಂಟೆಗೆ ಸುಮಾರು 13 ಮೈಕ್ರಾನ್ ತಾಮ್ರ ಕೂರುತ್ತದೆ, 0.2 ಮಿ.ಮೀ. ಪದರಕ್ಕೆ ಹದಿನೈದು ಗಂಟೆ ಬೇಕು. ಇಲ್ಲಿನ ಸಮಸ್ಯೆ ಎರಡು. ತಾಮ್ರ ಚೂಪು ಅಂಚುಗಳ ಮೇಲೆ ದಪ್ಪವಾಗಿ ಬೆಳೆದು ಗುಂಡಿಗಳಲ್ಲಿ ಹಿಂದುಳಿಯುತ್ತದೆ, ಹಾಗಾಗಿ ಹಾರ್ನ್ ಊದಿಕೊಂಡು ಕೂರುವ ಜಾಗ ತೆಳುವಾಗಿಯೇ ಇರುತ್ತದೆ. ಹನ್ನೆರಡರಲ್ಲಿ ಒಂದು ಅಳತೆಯಲ್ಲಿ 0.2 ಮಿ.ಮೀ. ಪದರವೆಂದರೆ ಮೂಲ ಜೀನಿನ ಮೇಲೆ 2.4 ಮಿ.ಮೀ. ಬಳಿದಂತೆ, ಸಣ್ಣ ಚಿತ್ತಾರ ಅದರಡಿ ಮುಳುಗಿಹೋಗುತ್ತದೆ. ಆರರಲ್ಲಿ ಒಂದಕ್ಕಿಂತ ಚಿಕ್ಕದಕ್ಕೆ ನಾನು ಇದನ್ನು ಹೇಳುವುದಿಲ್ಲ. ಆಮ್ಲದ ಪಾತ್ರೆ ಮಕ್ಕಳಿರುವ ಮನೆಗೆ ತಕ್ಕದ್ದೂ ಅಲ್ಲ.

ಮರದ ಮೇಲೆ ಲೋಹದ ಬಣ್ಣ, ಕಂಚಿನ ಮೇಣ ಹಚ್ಚುವುದು ಉಳಿದ ದಾರಿ. ಮೊದಲು ಅರಗಿನ ವಾರ್ನಿಷ್ ಕೊಟ್ಟು ಎಳೆಯನ್ನು ಮುಚ್ಚಿ, ಕಡು ಕಂದು ಬಳಿದು, ಉಬ್ಬುಗಳಿಗೆ ಮಾತ್ರ ಬೆರಳಿನಿಂದ ಕಂಚು ತೀಡಬೇಕು. ಪೂರ್ತಿ ಮೈಗೆ ಚಿನ್ನದಂತೆ ಬಳಿದರೆ ಆಟಿಕೆ ಎನಿಸುತ್ತದೆ.

ಯಾರಿಗೆ ಯಾವುದು

ಕಡಿಮೆ ಖರ್ಚಿನಲ್ಲಿ ಮೊದಲ ಸಲ ಕೈಹಾಕುವವರು ಮೆಕ್ಲೆಲನ್ ಜೀನನ್ನು ಆರರಲ್ಲಿ ಒಂದು ಅಳತೆಗೆ ಮರದಲ್ಲಿ ಕೆತ್ತಿ ಕಂಚಿನ ಮೇಣ ಹಚ್ಚಿ. ಸೈನ್ಯದ ಮಾದರಿಯಾದ್ದರಿಂದ ಅಳತೆಗಳು ಸ್ಪಷ್ಟ. ಕೂರುವ ಜಾಗ 12 ಇಂಚಿನ ಜೀನಾದರೆ ನಿಮಗೆ ನೇರವಾಗಿ 2 ಇಂಚು. ಗೆಳೆಯರಿಗೆ, ನೆಂಟರಿಗೆ ಕೊಡಲು ಐದಾರು ಬೇಕಾದವರಿಗೆ ಮೊಚಿಲಾ ಹೊದಿಸಿದ ವಕೇರೊ ಜೀನು ಮೇಣದಲ್ಲಿ, ಆಮೇಲೆ ತಣ್ಣನೆಯ ಎರಕ. ರಿಕಾಪುಗಳನ್ನು ಬೇರೆ ಅಚ್ಚಿನಲ್ಲಿ ತೆಗೆದು ಜೋಡಿಸಿದರೆ ಅಚ್ಚು ಬೇಗ ಹರಿಯುವುದಿಲ್ಲ. ಮನೆತನದಲ್ಲಿ ಉಳಿಯುವ ಒಂದೇ ವಸ್ತು ಬೇಕು, ಹಣವೂ ಇದೆ ಎನ್ನುವವರು ಟೆಕ್ಸಾಸ್ ಅಥವಾ ಶಯೆನ್ ಜೀನನ್ನು ನಾಲ್ಕರಲ್ಲಿ ಒಂದರಷ್ಟು ದೊಡ್ಡದಾಗಿ ಮೇಣದಲ್ಲಿ ಮಾಡಿ ನಿಜವಾದ ಕಂಚಿಗೆ ಹೋಗಿ. ಆ ಅಳತೆಯಲ್ಲಿ 5 ಮಿ.ಮೀ. ಚರ್ಮ 1.25 ಮಿ.ಮೀ. ಆಗುತ್ತದೆ, ಅಂಚಿನ ಇಳಿಜಾರಿನಲ್ಲಿ ಅದನ್ನು ಒಳ್ಳೆಯ ಕುಲುಮೆ ಹಿಡಿದು ತೋರಿಸಬಲ್ಲದು. ಚರ್ಮದ ಕೆಲಸ ಬಲ್ಲವರಾದರೆ ಮಾತ್ರ ತಾಮ್ರ ಕೂರಿಸುವ ದಾರಿ, ಅದೂ ಚಿತ್ತಾರವನ್ನು ಬೇಕಾದ್ದಕ್ಕಿಂತ ಆಳವಾಗಿ ಕೊರೆದು.

ಬಣ್ಣ ಯಾವುದಿರಬೇಕೆಂದು ಕೇಳಿದರೆ, ಜೀನಿಗೆ ಹಸಿರು ಕಿಲುಬು ಹೊಂದುವುದಿಲ್ಲ ಎನ್ನುವುದು ನನ್ನ ಖಚಿತ ನಿಲುವು. ಕಂಚನ್ನು ಬಿಸಿ ಮಾಡಿ ಫೆರಿಕ್ ನೈಟ್ರೇಟ್ ಹಚ್ಚಿದರೆ ಬರುವ ಕೆಂಪು ಬೆರೆತ ಕಂದು, ಎಣ್ಣೆ ಕುಡಿದ ಹಳೆಯ ಚರ್ಮದ ಬಣ್ಣಕ್ಕೆ ಹತ್ತಿರ. ಅದಾದ ಮೇಲೆ ಮೇಣದ ಪಾಲಿಷ್ ಕೊಟ್ಟು, ಹಾರ್ನ್‌ನ ನೆತ್ತಿ, ಕ್ಯಾಂಟಲ್‌ನ ಅಂಚು, ರಿಕಾಪಿನ ತಳ ಇವಿಷ್ಟನ್ನು ಬಟ್ಟೆಯಿಂದ ಇನ್ನೊಮ್ಮೆ ತಿಕ್ಕಿ ಬೆಳಗಿಸಿ. ನಿಜವಾದ ಜೀನು ಸವೆಯುವುದೂ ಅಲ್ಲೇ.